ಕೊನೆಯ ಬಿ

ಸೋಮವಾರ ನನಗೆ ಸಕ್ಕರೆ ಕಾಯಿಲೆ.
ಮಂಗಳವಾರ ಬಚ್ಚಲಲ್ಲಿ ಜಾರಿ ಸೊಂಟ ಮುರಿಯಿತು.
ನಿನ್ನೆ ನಾನು ಮಿಸೆಸ್ ಪಾರ್ಕರ್,
ಹೊಟ್ಟೆಯಲ್ಲಿ ಏಳು ತಿಂಗಳ ಕೂಸು, ಪಾದಕ್ಕೆ ಬಾವು.
ಮೀಸೆ ಮುಟ್ಟಬೇಡಿ ಕಾಕಾ, ನಗು ಬರ್ತದೆ
ಅಂದಳು ನೂತನಾ ದುರ್ಗೇಕರ.

ಬೈತಖೋಲಿನ ಐಸ್ ಫ್ಯಾಕ್ಟರಿಯಲ್ಲಿ ಈಗ ಐಸಿಲ್ಲ.
ಎರಡು ತಿಂಗಳು ಬೋಟಿಗೆ ರಜೆ,
ಕಂಪ್ರೆಸರು ಬಾಯಿ ಮುಚ್ಚಿಕೊಂಡಿದೆ.
ಅಲಿಗದ್ದಾದ ಅವಳ ಮನೆಯಲ್ಲಿ ಟೀವಿ,
ಅಕ್ಕನ ಅವಳಿ ಮಕ್ಕಳು, ಕುಕ್ಕರಿನ ಸೀಟಿ.
ಹಾಗಾಗಿ ರಾತ್ರಿಪಾಳಿಗೆ ಹೋಗುವ ಮುಂಚೆ
ಇಲ್ಲಿ ಸ್ಕೂಟಿ ನಿಲ್ಲಿಸಿ ಒಂದು ಚೀಟಿ ಕೊಡುತ್ತಾಳೆ,
ಇವತ್ತು ನಿಮಗೆ ಇದು.
ಐದು ನಿಮಿಷ, ಮೊಬೈಲು ಎಣಿಸುತ್ತದೆ.
ನಾನು ರೋಗಿ, ಅವಳು ನರ್ಸು.
ಜಿಲ್ಲಾಸ್ಪತ್ರೆಯಲ್ಲಿ ಆರು ವರ್ಷದಿಂದ ನರ್ಸೇ ಅವಳು,
ಇಂಗ್ಲಿಷಿನಲ್ಲಿ ಇನ್ನೊಮ್ಮೆ ಆಗಬೇಕಾಗಿದೆ, ಅಷ್ಟೇ.

ಅವಳ ತಪ್ಪುಗಳ ಸಂಗಡ ನಾನೂ ಒಂದಿಷ್ಟು ಕಲಿತೆ.
ಐಸನ್ನು ಎಣಿಸಬಾರದಂತೆ.
ಮೂವತ್ತೊಂದು ವರ್ಷ ಎಣಿಸಿದ್ದೇ ಅದನ್ನು ನಾನು,
ಬೋಟಿಗೆ ನಲವತ್ತು, ಟೆಂಪೋಕ್ಕೆ ಹನ್ನೆರಡು.
ಅದು ಬ್ಲಾಕ್ ಕಾಕಾ, ಐಸಲ್ಲ.
ಮೀನು ಒಂದಿದ್ದರೂ ಫಿಶ್, ಬುಟ್ಟಿ ತುಂಬಿದರೂ ಫಿಶ್.
ಇರಲಿ, ಹತ್ತು ಬಂಗಡೆ ಕೊಡು ಅನ್ನುತ್ತೇವಲ್ಲ ನಾವೂ;
ಬಂಗಡೆಗಳು ಅಂದವನಿಗೆ ಮಾರ್ಕೆಟ್ಟಿನಲ್ಲಿ ದರ ಜಾಸ್ತಿ.

ದಿ ಮಾತ್ರ ಕೈಗೆ ಹತ್ತಲಿಲ್ಲ.
ಸಮುದ್ರಕ್ಕೆ ಹಚ್ಚಬೇಕು, ಕಾರವಾರಕ್ಕೆ ಹಚ್ಚಬಾರದು.
ಐಲ್ಯಾಂಡಿನ ನಡುವೆ ಎಸ್ ಒಂದು ಕೂತಿದೆ,
ಯಾರೂ ಅದನ್ನು ಮಾತಾಡಿಸುವುದಿಲ್ಲ.
ಬರೆದ ಮೇಲೆ ಓದದೆ ಬಿಡುವುದೆಂದರೇನು?
ನಮ್ಮ ಶಾಲೆಯಲ್ಲಾಗಿದ್ದರೆ ಬೆತ್ತ ಬೀಳುತ್ತಿತ್ತು.

ಇವತ್ತು ನಾನು ಮಿಸ್ಟರ್ ಹ್ಯಾರಿಸ್, ಐವತ್ತೆಂಟು,
ಮೊಣಕಾಲು ನೋವು, ಗುಲಾಬಿ ಬೆಳೆಸುವ ಹವ್ಯಾಸ.
ನಿಮ್ಮನ್ನು ಇಲ್ಲಿಗೆ ಏನು ಕರೆತಂದಿತು,
ಕೇಳಿದಳು, ಅವರ ಭಾಷೆಯ ಮರ್ಯಾದೆಯಲ್ಲಿ.
ಚೀಟಿಯಲ್ಲಿ ಮೊಣಕಾಲಿತ್ತು.
ನನ್ನ ಬಾಯಿಗೆ ಬೆರಳು ಬಂತು.
ಮೈ ಫಿಂಗರ್ಸ್, ಸಿಸ್ಟರ್. ಲೆಫ್ಟ್. ತ್ರೀ. ನಂಬ್.

ನಂಬ್ ಅಲ್ಲ ಕಾಕಾ, ಕೊನೆಯ ಬಿ ಸತ್ತಿದೆ.
ನಮ್ ಅನ್ನಿ.
ನಮ್, ಅಂದೆ.
ಹೌ ಲಾಂಗ್?
ಸಿನ್ಸ್ ಇಲೆವೆನ್ ಇಯರ್ಸ್.
ಫಾರ್ ಇಲೆವೆನ್ ಇಯರ್ಸ್.
ಸಿನ್ಸ್ ಬೇಕಿದ್ದರೆ ಶುರುವಾದ ದಿನ ಹೇಳಬೇಕು.

ಶುರುವಾದ ದಿನ.
ನಾಗರಪಂಚಮಿಯ ಮರುದಿನ,
ಬೆಳಿಗ್ಗೆ ಅಂಗಿಯ ಗುಂಡಿ ಬೆರಳಿಗೆ ಸಿಗಲಿಲ್ಲ.
ಗುಂಡಿಯದೇ ತಪ್ಪೆಂದು ಅಂಗಿ ಬದಲಿಸಿದೆ.
ಆಮೇಲಿನಿಂದ ಎಲ್ಲರಿಗಿಂತ ಮೊದಲೇ ಏಳುತ್ತೇನೆ.
ಮನೆಯಲ್ಲಿ ಕೊಂಕಣಿಯಲ್ಲಿ ಹೇಳಲಿಲ್ಲ,
ಫ್ಯಾಕ್ಟರಿಯ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದದ್ದು ಹಾಜರು, ಹಾಜರು.
ಶುರುವಾಗಿ ಇನ್ನೂ ಮುಗಿಯದ್ದಕ್ಕೆಂದೇ
ಇಂಗ್ಲಿಷಿನಲ್ಲಿ ಒಂದು ಕಾಲ ಇದೆಯಂತೆ.
ಅದರಲ್ಲಿ ಹೇಳಿದೆ, ಕ್ರಿಯಾಪದ ತಪ್ಪಿಸಿ.

ಪೆನ್ನು ನಿಂತಿತು.
ಚೀಟಿಯನ್ನು ತಿರುವಿ ನೋಡಿದಳು.
ಹ್ಯಾರಿಸನಿಗೆ ಅದರಲ್ಲಿ ಬೆರಳೇ ಇರಲಿಲ್ಲ.
ಕೈ ಕೊಡಿ, ಅಂದಳು ಕೊಂಕಣಿಯಲ್ಲಿ.
ಪೆನ್ನಿನ ತುದಿಯಿಂದ ಒಂದೊಂದೇ ಗೆಣ್ಣು ಒತ್ತುತ್ತ ಬಂದಳು,
ಇಲ್ಲಿ? ಇಲ್ಲಿ?
ಕಿಟಕಿಯಾಚೆ ದೇವಗಡದ ದೀಪ
ಬಂತು, ಹೋಯಿತು, ಬಂತು.
ಇಲ್ಲ ಅನ್ನಲಿಕ್ಕೆ ಮೂರು ಭಾಷೆ ಇದ್ದವು ನನ್ನಲ್ಲಿ.
ತಲೆ ಅಲ್ಲಾಡಿಸಿದೆ.
ಮೊಬೈಲು ಕೂಗಿತು, ಐದು ನಿಮಿಷ.

ನಾಳೆ ಎಂಟಕ್ಕೆ, ಹದಿನಾಲ್ಕನೇ ಕೋಣೆ.
ಚೀಟಿ ನಾನೇ ಮಾಡಿಸಿಟ್ಟಿರ್ತೇನೆ, ನಿಮ್ಮದೇ ಹೆಸರಲ್ಲಿ.
ಹೆಲ್ಮೆಟ್ಟಿನೊಳಗಿಂದ ಮತ್ತೆ ಕೂಗಿದಳು,
ಕಾಕಾ, ಕೇಳಿ ಬೇಜಾರಾಯಿತು ಅನ್ನಬೇಕಿತ್ತು ನಾನು,
ಮರೆತೇಬಿಟ್ಟೆ, ಅದಕ್ಕೆ ಅಂಕ ಇದೆ.

ಸ್ಕೂಟಿಯ ಸದ್ದು ಜೆಟ್ಟಿ ದಾಟಿದ ಮೇಲೆ
ಐಸಿಲ್ಲದ ಕೋಣೆಯಲ್ಲಿ ಒಬ್ಬನೇ
ಆ ಶಬ್ದವನ್ನು ಬಿ ಹಚ್ಚಿ ಒಂದು ಸಲ,
ಬಿಟ್ಟು ಒಂದು ಸಲ
ಹೇಳಿ ನೋಡಿದೆ.